ಹಾಲೆಂಡರ್: ಬಡಿಯದ ‘ಬೀಟರ್’ನ ಕಥೆ

ಕೈಕಾಗದ ಮಾಡುವ ಘಟಕಕ್ಕೆ ಹೋದರೆ ಅಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: ‘ಬೆಳಿಗ್ಗೆಯಿಂದ ಬೀಟರ್ ಓಡ್ತಾ ಇದೆ.’ ಬೀಟರ್ ಅಂದಮೇಲೆ ಏನೋ ಬಡಿಯುತ್ತಿರಬೇಕು ಅಂತ ಒಳಗೆ ಇಣುಕಿದರೆ ಸುತ್ತಿಗೆಯೂ ಇಲ್ಲ, ಒನಕೆಯೂ ಇಲ್ಲ. ಇರುವುದು ಮೊಟ್ಟೆಯಾಕಾರದ ಒಂದು ಉದ್ದನೆಯ ತೊಟ್ಟಿ. ಅದರಲ್ಲಿ ಗಂಜಿಯಂಥ ಬೆಳ್ಳನೆಯ ನೀರು ನಿಧಾನಕ್ಕೆ ಸುತ್ತು ಹಾಕುತ್ತಿರುತ್ತದೆ. ಒಂದು ಪಕ್ಕದಲ್ಲಿ, ಮುಚ್ಚಳದ ಕೆಳಗೆ, ಏನೋ ಉರುಳುವ ಗುರುಗುರು ಸದ್ದು. ಅಷ್ಟೇ.

ಈ ತೊಟ್ಟಿಯ ಪೂರ್ತಿ ಹೆಸರು ಹಾಲೆಂಡರ್ ಬೀಟರ್. ‘ಹಾಲೆಂಡರ್’ ಅಂದರೆ ಹಾಲೆಂಡಿನದು. ‘ಬೀಟರ್’ ಅಂದರೆ ಬಡಿಯುವಂಥದ್ದು. ಎರಡನೆಯ ಪದ ಅಸಲಿಗೆ ಹಳೆಯ ಯಂತ್ರದ ಕೆಲಸದ ಹೆಸರು. ಆ ಯಂತ್ರ ಹೋಯಿತು, ಹೆಸರು ಹೊಸದಕ್ಕೆ ಅಂಟಿಕೊಂಡಿತು. ನಾವು ಬಟ್ಟೆ ಗಿರಣಿ ಅನ್ನುತ್ತೇವಲ್ಲ, ಅಲ್ಲಿ ಯಾರೂ ಏನನ್ನೂ ಬೀಸುವುದಿಲ್ಲ. ಇದೂ ಹಾಗೆಯೇ.

ನನ್ನ ಪ್ರಕಾರ ಈ ಯಂತ್ರಕ್ಕೆ ಕನ್ನಡದಲ್ಲಿ ಒಪ್ಪುವ ಹೆಸರು ‘ರುಬ್ಬುತೊಟ್ಟಿ’. ಯಾಕೆ ಅಂತ ಹೇಳುತ್ತೇನೆ. ಇಂಗ್ಲಿಷಿನವರು ಬಡಿಯುವುದು ಅಂತ ಹೇಳಿ ಮುಗಿಸಿದ ಕಡೆ ನಮ್ಮಲ್ಲಿ ಕುಟ್ಟುವುದು, ಬೀಸುವುದು, ಅರೆಯುವುದು, ರುಬ್ಬುವುದು ಅಂತ ಒಂದೊಂದಕ್ಕೂ ಒಂದೊಂದು ಮಾತಿದೆ. ಕುಟ್ಟುವುದೆಂದರೆ ಮೇಲಿಂದ ಬೀಳುವ ಪೆಟ್ಟು. ಬೀಸುವುದು ಒಣಗಿದ ಕಾಳನ್ನು, ಹಿಟ್ಟು ಮಾಡಲಿಕ್ಕೆ. ರುಬ್ಬುವುದು ನೆನೆದದ್ದನ್ನು, ನೀರಿನ ಜೊತೆಯಲ್ಲೇ. ಕಾಗದದ ತಿರುಳನ್ನು, ಅಂದರೆ ನೀರಿನಲ್ಲಿ ನೆನೆದ ಎಳೆಗಳ ಗಂಜಿಯನ್ನು, ಮೊದಲು ನೂರಾರು ವರ್ಷ ಕುಟ್ಟಿದರು, ಆಮೇಲೆ ರುಬ್ಬತೊಡಗಿದರು. ಆಗ ಕಾಗದ ಮಾಡುತ್ತಿದ್ದುದು ಬಟ್ಟೆಯ ಚಿಂದಿಯಿಂದ, ಅದನ್ನು ಯಾವತ್ತೂ ಬೀಸಲಿಲ್ಲ. ಬೀಸಿದ್ದರೆ ಕಾಗದ ಆಗುತ್ತಲೇ ಇರಲಿಲ್ಲ.

ಇದು ನನಗೆ ಮನದಟ್ಟಾಗಿದ್ದು ಮಿಕ್ಸಿಯಿಂದ. ಒಮ್ಮೆ ಹಳೆಯ ಹತ್ತಿ ಪಂಚೆಯ ತುಂಡನ್ನು ಚಿಕ್ಕದಾಗಿ ಕತ್ತರಿಸಿ, ನೀರು ಹಾಕಿ ಮಿಕ್ಸಿಗೆ ಹಾಕಿದ್ದೆ. ಮೊದಲು ನೂಲೆಲ್ಲ ಬ್ಲೇಡಿಗೆ ಸುತ್ತಿಕೊಂಡಿತು. ಬಿಡಿಸಿ, ಇನ್ನೂ ಚಿಕ್ಕದು ಮಾಡಿ ಮತ್ತೆ ಹಾಕಿದೆ. ಹಿಂಜಿದ ಹತ್ತಿಯ ಚೂರಿನಂಥದ್ದು ಬಂತು. ಅದನ್ನು ಜರಡಿಯ ಮೇಲೆ ಹರಡಿ ಒಣಗಿಸಿದೆ. ನೋಡಲಿಕ್ಕೆ ಹಾಳೆಯೇ. ತುದಿ ಹಿಡಿದು ಎತ್ತಿದರೆ ಉದುರಿಹೋಯಿತು. ಚಿಕ್ಕದು ಮಾಡಿದ ಮಾತ್ರಕ್ಕೆ ಅದು ಕಾಗದ ಆಗುವುದಿಲ್ಲ.

ಹಾಗಾದರೆ ಏನಾಗಬೇಕು? ಹತ್ತಿ, ನಾರಗಸೆ ಅಥವಾ ಮರದ ಒಂದು ಎಳೆ ಸಣ್ಣ ಕೊಳವೆಯ ಹಾಗೆ ಇರುತ್ತದೆ. ಅದರ ಗೋಡೆ ಪದರ ಪದರವಾಗಿರುತ್ತದೆ. ನೀರಿನಲ್ಲಿಟ್ಟು ಅದನ್ನು ಹಿಸುಕಿ, ಉಜ್ಜುತ್ತಾ ಹೋದರೆ ಎರಡು ಬದಲಾವಣೆ ಆಗುತ್ತವೆ. ಹೊರಗಿನ ಪದರ ಸಿಪ್ಪೆ ಎದ್ದ ಹಾಗೆ ಎದ್ದು, ಎಳೆಯ ಮೈಮೇಲೆಲ್ಲ ನವಿರಾದ ಕೂದಲು ಮೂಡುತ್ತವೆ. ಒಳಗಿನ ಪದರಗಳು ಸಡಿಲಾಗಿ ನೀರು ಕುಡಿದು, ಎಳೆ ಬೆಂದ ಶಾವಿಗೆಯಂತೆ ಮೆತ್ತಗಾಗುತ್ತದೆ. ಇಂಥ ಎಳೆಗಳನ್ನು ಜರಡಿಯ ಮೇಲೆ ಹರಡಿ ನೀರು ಬಸಿದರೆ ಒಂದರ ಕೂದಲು ಇನ್ನೊಂದರ ಕೂದಲಿಗೆ ತಾಗುತ್ತದೆ. ಒಣಗುತ್ತಾ ಒಣಗುತ್ತಾ ನೀರು ಅವನ್ನು ಹತ್ತಿರಕ್ಕೆ ಎಳೆಯುತ್ತದೆ. ಕೊನೆಗೆ ಹೈಡ್ರೋಜನ್ ಬಂಧಗಳು, ಅಂದರೆ ಅಣುಗಳ ನಡುವಿನ ಸಣ್ಣ ಸೆಳೆತಗಳು, ಅವನ್ನು ಹಿಡಿದಿಡುತ್ತವೆ. ಕಾಗದದ ಎಳೆಗಳನ್ನು ಕೂಡಿಸಲಿಕ್ಕೆ ಗೋಂದು ಬೇಕಾಗಿಲ್ಲ. ಹಾಳೆಗೆ ಬಳಿಯುವ ಗೋಂದು, ಸರೇಸು ಎಲ್ಲ ಶಾಯಿ ಹರಡದಿರಲಿ ಅಂತ. ಹಾಳೆಗೆ ಬಲ ಬರುವುದು ರುಬ್ಬಿದ್ದರಿಂದ.

ಮಿಕ್ಸಿ ಕತ್ತರಿಸಿತು, ಉಜ್ಜಲಿಲ್ಲ. ಎಡವಟ್ಟಾಗಿದ್ದು ಅಲ್ಲೇ.

ಈಗ ಕುಟ್ಟುವ ಕಾಲಕ್ಕೆ ಹೋಗೋಣ. ಚೀನಾದಲ್ಲೂ ಅರಬ್ ನಾಡುಗಳಲ್ಲೂ ಒರಳು, ಒನಕೆ, ಕಾಲಿನಿಂದ ತುಳಿದು ಎತ್ತುವ ಏತದೊನಕೆ ಇದ್ದವು. 13ನೇ ಶತಮಾನದಲ್ಲಿ ಇಟಲಿಯ ಫಾಬ್ರಿಯಾನೊ ಊರಿನವರು ಈ ಕೆಲಸವನ್ನು ನೀರಿನ ಚಕ್ರಕ್ಕೆ ಕಟ್ಟಿ ದೊಡ್ಡದು ಮಾಡಿದರು. ಚಕ್ರದ ಅಚ್ಚಿಗೆ ಗೂಟಗಳು, ಗೂಟ ತಗುಲಿದಾಗ ಏಳುವ ಮರದ ಸುತ್ತಿಗೆಗಳ ಸಾಲು, ಕೆಳಗೆ ಚಿಂದಿ ತುಂಬಿದ, ತೊಟ್ಟಿಯಂಥ ದೋಣಿಗಳು. ಗೂಟ ದಾಟಿದ ಕೂಡಲೇ ಸುತ್ತಿಗೆ ತನ್ನ ಭಾರಕ್ಕೆ ತಾನೇ ಧೊಪ್ಪನೆ ಬೀಳುತ್ತದೆ. ಎಲ್ಲ ಸುತ್ತಿಗೆಗಳೂ ಒಂದೇ ಥರ ಇರಲಿಲ್ಲ ಅನ್ನುವುದು ನನಗೆ ತುಂಬಾ ಇಷ್ಟವಾದ ವಿವರ. ಮೊದಲ ದೋಣಿಯ ಸುತ್ತಿಗೆಗೆ ಚೂಪಾದ ಕಬ್ಬಿಣದ ಮೊಳೆ. ಅದು ಬಟ್ಟೆಯನ್ನು ಹರಿಯುತ್ತದೆ. ಎರಡನೆಯದಕ್ಕೆ ಮೊಂಡು ಮೊಳೆ. ಅದು ನೂಲನ್ನು ಬಿಡಿಸುತ್ತದೆ. ಮೂರನೆಯದು ಬರೀ ಮರ. ಎಳೆಗೆ ಕೂದಲು ಬರಿಸುವುದು ಅದರ ಕೆಲಸ. ಹೈಡ್ರೋಜನ್ ಅನ್ನುವ ಹೆಸರೇ ಹುಟ್ಟದ ಕಾಲದಲ್ಲಿ, ಹರಿಯುವುದು ಬೇರೆ, ನವಿರು ಮಾಡುವುದು ಬೇರೆ ಅಂತ ಕೈಯಿಂದಲೇ ಕಂಡುಕೊಂಡ ಜನ ಅವರು.

ಈ ವಿದ್ಯೆಗೆ ಆಗ ಎಷ್ಟು ಬೆಲೆಯಿತ್ತು ಗೊತ್ತಾ? ಜರ್ಮನಿಯ ನ್ಯೂರೆಂಬರ್ಗಿನ ವ್ಯಾಪಾರಿ ಉಲ್ಮಾನ್ ಸ್ಟ್ರೋಮರ್ 1390ರಲ್ಲಿ ಕಾಗದದ ಗಿರಣಿ ಶುರುಮಾಡಿದಾಗ ಇಟಲಿಯಿಂದ ಕುಶಲಿಗಳನ್ನು ಕರೆಸಿಕೊಂಡ. ಕೆಲಸದ ಗುಟ್ಟು ಹೊರಗೆ ಹೋಗದಿರಲಿ ಅಂತ ತನ್ನ ಆಳುಗಳಿಂದ ಆಣೆ ಮಾಡಿಸಿಕೊಂಡ.

ಆದರೆ ಸುತ್ತಿಗೆ ಎಷ್ಟೇ ಬಿದ್ದರೂ ಗಟ್ಟಿ ಬಟ್ಟೆ ಬೇಗ ಸೋಲುತ್ತಿರಲಿಲ್ಲ. ಅದಕ್ಕೇ ಚಿಂದಿಯನ್ನು ಮೊದಲು ಕೊಳೆಸುತ್ತಿದ್ದರು. ನೀರು ಚಿಮುಕಿಸಿ ರಾಶಿ ಹಾಕಿ ವಾರಗಟ್ಟಲೆ ಬಿಡುವುದು, ನಡುನಡುವೆ ತಿರುವಿ ಹಾಕುವುದು. ರಾಶಿಯೊಳಗೆ ಕೈಯಿಟ್ಟರೆ ಬಿಸಿ, ಹತ್ತಿರ ಹೋದರೆ ವಾಸನೆ. ಸಾಕಷ್ಟು ಕೊಳೆಯದಿದ್ದರೆ ಕುಟ್ಟಲಿಕ್ಕೆ ಆಗದು, ಜಾಸ್ತಿ ಕೊಳೆತರೆ ಎಳೆಯೇ ಸತ್ತುಹೋಗುತ್ತದೆ. ಹೇಗೆ ನೋಡಿದರೂ ಒಳ್ಳೆಯ ಬಟ್ಟೆಯ ಒಂದು ಪಾಲು ಕೊಳೆತು ಹಾಳಾಗುತ್ತಿತ್ತು. ಬಿಳಿ ಕಾಗದಕ್ಕೆ ಹಳದಿ ಬಣ್ಣವೂ ಬರುತ್ತಿತ್ತು. ಚಿಂದಿ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಇದು ಸಣ್ಣ ನಷ್ಟ ಅಲ್ಲ.

ಹಾಲೆಂಡಿನಲ್ಲಿ ಇದು ಬದಲಾಯಿತು. ಆ ದೇಶದ ಪೂರ್ವಕ್ಕೆ ವೆಲುವೆ ಅನ್ನುವ ಕಡೆ ಹಳ್ಳಗಳಿವೆ, ಅಲ್ಲಿ ನೀರಿನ ಚಕ್ರದ ಕಾಗದ ಗಿರಣಿಗಳಿದ್ದವು. 1672ರಲ್ಲಿ ಫ್ರಾನ್ಸಿನ ಸೈನ್ಯ ನುಗ್ಗಿದಾಗ ವೆಲುವೆಯ ಹಲವು ಕಾಗದ ಕುಶಲಿಗಳು ಪಶ್ಚಿಮಕ್ಕೆ, ಆಮ್‌ಸ್ಟರ್‌ಡ್ಯಾಮಿನ ಉತ್ತರಕ್ಕಿರುವ ಝಾನ್ ಸೀಮೆಗೆ ಓಡಿಬಂದರು. ಝಾನ್ ಅಂದರೆ ಅಂಗೈಯಂತೆ ಮಟ್ಟಸವಾದ ನೆಲ. ಧುಮುಕುವ ನೀರು ಎಲ್ಲಿಂದ ಬರಬೇಕು? ಅಲ್ಲಿ ಮರ ಕೊಯ್ಯಲಿಕ್ಕೂ ಎಣ್ಣೆ ತೆಗೆಯಲಿಕ್ಕೂ ಗಾಳಿಯಂತ್ರವೇ ಗತಿ. ಗಾಳಿ ಒಂದೇ ಸಮ ಬೀಸುವುದೂ ಇಲ್ಲ. ಸಾಲು ಸುತ್ತಿಗೆಗಳನ್ನು ಎತ್ತಿ ಎತ್ತಿ ಬಿಡುವುದಕ್ಕಿಂತ ಭಾರದ ಒಂದು ಉರುಳೆಯನ್ನು ತಿರುಗಿಸುವುದು ಗಾಳಿಗೆ ಸಲೀಸು. ಆ ಹೊತ್ತಿಗೆ, ಅಂದರೆ 1670–80ರ ಸುಮಾರಿಗೆ, ಅಲ್ಲಿ ಈ ತೊಟ್ಟಿ ಬಳಕೆಗೆ ಬಂತು. ಕಂಡುಹಿಡಿದವರ ಹೆಸರು ಉಳಿಯಲಿಲ್ಲ, ದೇಶದ ಹೆಸರು ಉಳಿಯಿತು.

ತೊಟ್ಟಿಯನ್ನು ಹತ್ತಿರದಿಂದ ನೋಡೋಣ. ಸುಮಾರು 10 ಅಡಿ ಉದ್ದ, ಎರಡು ತುದಿಯೂ ದುಂಡು. ನಡುವೆ ಉದ್ದಕ್ಕೂ ಒಂದು ಗಿಡ್ಡ ಗೋಡೆ, ಆದರೆ ಅದು ತುದಿಗಳನ್ನು ಮುಟ್ಟುವುದಿಲ್ಲ. ಹಾಗಾಗಿ ಒಳಗಿನ ತಿರುಳು ಓಟದ ಪಂದ್ಯದ ಟ್ರ್ಯಾಕಿನಂತೆ ಆ ಗೋಡೆಯ ಸುತ್ತ ಸುತ್ತಬಹುದು. ಗೋಡೆಯ ಒಂದು ಪಕ್ಕಕ್ಕೆ ದಪ್ಪನೆಯ ಉರುಳೆ. ಅದರ ಮೈತುಂಬ ಉದ್ದುದ್ದಕ್ಕೆ ಲೋಹದ ಪಟ್ಟಿಗಳು. ಉರುಳೆಯ ಕೆಳಗೆ ತೊಟ್ಟಿಯ ತಳದಲ್ಲಿ ಅಂಥದೇ ಪಟ್ಟಿಗಳಿರುವ ಒಂದು ಹಲಗೆ ಕದಲದೆ ಕೂತಿರುತ್ತದೆ. ಎರಡರ ನಡುವಿನ ಸಂದಿಯಲ್ಲಿ ಎಳೆಗಳು ನುಗ್ಗಬೇಕು. ಅಲ್ಲೇ ಅವು ಹಿಸುಕಿ, ಉಜ್ಜಿ ಬರುವುದು.

ಸಂದಿ ದಾಟಿದ ಮೇಲೆ ತೊಟ್ಟಿಯ ತಳ ಸಣ್ಣ ಏರಿಯಂತೆ ಎದ್ದಿರುತ್ತದೆ. ಉರುಳೆ ತಿರುಳನ್ನು ಆ ಏರಿಯ ಆಚೆಗೆ ಎತ್ತಿ ಚೆಲ್ಲುತ್ತದೆ. ಏರಿಯಿಂದ ಜಾರಿದ ತಿರುಳು ಇಳಿಜಾರಿನಲ್ಲಿ ಹರಿದು, ಸುತ್ತು ಹಾಕಿ, ಮತ್ತೆ ಉರುಳೆಯ ಬಾಯಿಗೇ ಬರುತ್ತದೆ. ರುಬ್ಬುವುದೂ ಉರುಳೆಯೇ, ನೀರೆತ್ತುವುದೂ ಉರುಳೆಯೇ. ಯಾರೂ ಕೈಯಾಡಿಸಬೇಕಾಗಿಲ್ಲ. ರುಬ್ಬುಕಲ್ಲಿನಲ್ಲಿ ಹಿಟ್ಟು ರುಬ್ಬಿದವರಿಗೆ ಇದರ ಬೆಲೆ ತಿಳಿಯುತ್ತದೆ. ಗುಂಡು ತಿರುಗಿಸುವುದು ಒಂದು ಕೈಯಾದರೆ, ಬದಿಗೆ ಸರಿದ ಹಿಟ್ಟನ್ನು ಮತ್ತೆ ಗುಂಡಿನ ಕೆಳಗೆ ತಳ್ಳಲಿಕ್ಕೆ ಇನ್ನೊಂದು ಕೈ ಬೇಕೇ ಬೇಕು ಅಲ್ವಾ? ಆ ಎರಡನೆಯ ಕೈಯ ಕೆಲಸವನ್ನು ಇಲ್ಲಿ ಏರಿ ಮಾಡುತ್ತದೆ. ಇಡೀ ಯಂತ್ರದಲ್ಲಿ ನನಗೆ ಅತಿ ಜಾಣ ಅನ್ನಿಸುವುದು ಆ ಏರಿಯೇ.

ಉರುಳೆಯನ್ನು ಏರಿಸಿ ಇಳಿಸಬಹುದು. ಮೊದಲು ಸಂದಿ ಅಗಲ ಬಿಟ್ಟು ತೊಳೆಯುತ್ತಾರೆ. ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅವಸರಪಟ್ಟು ಒಮ್ಮೆಲೇ ಇಳಿಸಿದರೆ ಪಟ್ಟಿಗಳು ಕತ್ತರಿಯಾಗಿಬಿಡುತ್ತವೆ, ನನ್ನ ಮಿಕ್ಸಿ ಮಾಡಿದ್ದನ್ನೇ ಮಾಡುತ್ತವೆ. ಸುತ್ತಿಗೆಗಳಿಗೆ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇಲ್ಲಿ ಕೆಲವು ಗಂಟೆಗಳಲ್ಲಿ ಮುಗಿಯುತ್ತಿತ್ತು. ಅದಕ್ಕಿಂತ ದೊಡ್ಡ ಲಾಭ ಅಂದರೆ, ಬಟ್ಟೆಯನ್ನು ಕೊಳೆಸದೆ ಹಾಗೇ ಹಾಕಬಹುದಿತ್ತು.

ಇನ್ನು ಹೆಸರಿನ ವಿಷಯ. ಡಚ್ಚರು ಈ ಯಂತ್ರಕ್ಕೆ ‘ಮಾಲ್‌ಬಾಕ್’ ಅನ್ನುತ್ತಾರೆ. ‘ಬಾಕ್’ ಅಂದರೆ ತೊಟ್ಟಿ. ‘ಮಾಲ್’ ಬಂದಿದ್ದು ಅರೆಯುವ, ರುಬ್ಬುವ ಅರ್ಥದ ಮಾತಿನಿಂದ. ಸರಿಯಾಗಿ ನಮ್ಮ ರುಬ್ಬುತೊಟ್ಟಿಯೇ! ಜರ್ಮನರು ಸುಮ್ನೆ ‘ಹಾಲೆಂಡರ್’ ಅಂದುಬಿಟ್ಟರು. ಫ್ರೆಂಚರು ‘ಹಾಲೆಂಡಿನ ದೋಣಿ’ ಅನ್ನುವ ಅರ್ಥ ಬರುವ ಹಾಗೆ ಕರೆದರು. ಸುತ್ತಿಗೆ ಬೀಳುತ್ತಿದ್ದ ದೋಣಿಯ ಹಳೆಯ ಪದವನ್ನೇ ಅದಕ್ಕೆ ಇಟ್ಟುಕೊಂಡರು. ಇಂಗ್ಲಿಷಿನವರು ಬಡಿಯುವುದನ್ನು ಬಿಡಲಿಲ್ಲ. ನಮಗೆ ಬಂದಿದ್ದು ಇಂಗ್ಲಿಷಿನಿಂದ, ಅದಕ್ಕೇ ‘ಬೀಟರ್’.

ಈ ಸುಧಾರಣೆಯಿಂದ ಲಾಭವೇ ಎಲ್ಲ ಅಂತ ನಾನು ಹೇಳಲಾರೆ. ಮರದ ಸುತ್ತಿಗೆ ಎಳೆಯನ್ನು ಜಜ್ಜುತ್ತಿತ್ತೇ ಹೊರತು ಕತ್ತರಿಸುತ್ತಿರಲಿಲ್ಲ. ಉರುಳೆಯ ಪಟ್ಟಿಗಳು ಎಷ್ಟೇ ಹುಷಾರಾಗಿದ್ದರೂ ಒಂದಿಷ್ಟು ಕತ್ತರಿಸಿಯೇ ತೀರುತ್ತವೆ. ಎಳೆ ಗಿಡ್ಡವಾದಷ್ಟೂ ಹಾಳೆ ಬೇಗ ಹರಿಯುತ್ತದೆ. ಉದ್ದ ಎಳೆಯ ಹಳೆಯ ಕಾಗದವನ್ನು ಕೈಯಲ್ಲಿ ಹಿಡಿದವರು ಅದರ ಗಟ್ಟಿತನವನ್ನು ಮರೆಯುವುದಿಲ್ಲ. ಪಟ್ಟಿ ಕಬ್ಬಿಣದ್ದಾದರೆ ಇನ್ನೊಂದು ತೊಂದರೆ. ಸವೆದ ಕಬ್ಬಿಣದ ಕಣ ತಿರುಳಿನಲ್ಲಿ ಸೇರಿ, ಮುಂದೆ ಹಾಳೆಯ ಮೇಲೆ ತುಕ್ಕಿನ ಚುಕ್ಕೆಯಾಗಿ ಏಳುತ್ತದೆ. ಅದಕ್ಕೇ ಒಳ್ಳೆಯ ಬಿಳಿ ಕಾಗದಕ್ಕೆ ಕಂಚಿನ ಪಟ್ಟಿ ಬಳಸುತ್ತಿದ್ದರು.

ನಷ್ಟ ಬರೀ ಎಳೆಯದ್ದೇ ಆಗಿರಲಿಲ್ಲ. ಡಚ್ ಕಾಗದದ ಬಿಳುಪು, ನಯ ನೋಡಿ ಫ್ರಾನ್ಸಿನವರಿಗೆ ನಿದ್ದೆ ಬರಲಿಲ್ಲ. ನಿಕೊಲಾ ಡೆಮಾರೆ ಅನ್ನುವ ವಿಜ್ಞಾನಿ 1768ರಲ್ಲಿ ಒಮ್ಮೆ, 1777ರಲ್ಲಿ ಇನ್ನೊಮ್ಮೆ ಹಾಲೆಂಡಿಗೆ ಹೋಗಿ ಗಿರಣಿಗಳನ್ನು ನೋಡಿ ಬಂದ. ಬಟ್ಟೆ ಕೊಳೆಸುವುದನ್ನು ಬಿಡಿ ಅನ್ನುವುದು ಅವನ ದೊಡ್ಡ ಪಾಠ. ಅವನ ಮಾತು ಕೇಳಿ, ಸರ್ಕಾರದ ನೆರವಿನಿಂದ, ಅನೊನೇ ಊರಿನ ಮೊಂಗೊಲ್ಫಿಯೆ ಕುಟುಂಬ 1780ರ ಸುಮಾರಿಗೆ ತಮ್ಮ ಗಿರಣಿಗೆ ಡಚ್ ತೊಟ್ಟಿಗಳನ್ನು ಹಾಕಿಸಿತು. 1783ರಲ್ಲಿ ಬಿಸಿಗಾಳಿಯ ಬಲೂನ್ ಹಾರಿಸಿದರಲ್ಲ, ಅದೇ ಕುಟುಂಬ. ಆ ಬಲೂನಿನ ಬಟ್ಟೆಯ ಒಳಮೈಗೆ ಹಚ್ಚಿದ್ದೂ ಕಾಗದವೇ. ಹೊಸ ಯಂತ್ರ ಬಂದ ಸುಮಾರಿನಲ್ಲೇ, 1781ರಲ್ಲಿ, ಮಾಲೀಕರಿಗೂ ಹಳೆಯ ಕುಶಲಿಗಳಿಗೂ ಜಟಾಪಟಿಯಾಗಿ, ಕುಶಲಿಗಳನ್ನು ಹೊರಗೆ ಹಾಕಿ ಹೊಸಬರಿಗೆ ಕೆಲಸ ಕಲಿಸಿದರು. ರಾಶಿಯೊಳಗೆ ಕೈಯಿಟ್ಟು ‘ಇವತ್ತಿಗೆ ಸಾಕು’ ಅಂತ ಹೇಳುವ ಜ್ಞಾನಕ್ಕೆ ಇನ್ನು ಆ ಗಿರಣಿಯಲ್ಲಿ ಬೆಲೆಯಿರಲಿಲ್ಲ.

ರುಬ್ಬುವುದರಲ್ಲೇ ಕಾಗದದ ಗುಣ ಅಡಗಿದೆ ಅನ್ನುವುದಕ್ಕೆ ಎರಡು ಹಾಳೆ ನೋಡಿದರೆ ಸಾಕು. ಶಾಯಿ ಪೆನ್ನಿನ ಕಾಲದ ಬ್ಲಾಟಿಂಗ್ ಪೇಪರ್ ನೆನಪಿದೆಯಾ? ಅದರ ತಿರುಳನ್ನು ತೀರಾ ಕಡಿಮೆ ರುಬ್ಬಿರುತ್ತಾರೆ. ಎಳೆಗಳ ನಡುವೆ ಸಂದುಗಳು ಹಾಗೇ ಉಳಿದು ಶಾಯಿಯನ್ನು ಹೀರುತ್ತವೆ. ನಕ್ಷೆ ತೆಗೆಯುವ ಟ್ರೇಸಿಂಗ್ ಪೇಪರಿನ ತಿರುಳನ್ನು ಗಂಟೆಗಟ್ಟಲೆ ರುಬ್ಬುತ್ತಾರೆ. ಸಂದುಗಳೆಲ್ಲ ಮುಚ್ಚಿ ಬೆಳಕು ಆರಪಾರ ಬರುತ್ತದೆ.

ಹಾಳೆಯನ್ನು ತಾನೇ ತೆಗೆಯುವ ಕಾಗದ ಯಂತ್ರ ಬಂದ ಮೇಲೆ ತೊಟ್ಟಿಗೆ ಕಷ್ಟವಾಯಿತು. 1798ರಲ್ಲಿ ಫ್ರಾನ್ಸಿನ ಲೂಯಿ ರಾಬರ್ಟ್ ರೂಪಿಸಿದ ಯಂತ್ರಕ್ಕೆ ಎಡೆಬಿಡದೆ ತಿರುಳು ಬೇಕು. ತೊಟ್ಟಿಯೋ ಒಂದು ಸಲಕ್ಕೆ ಒಂದು ಪಾಕ ಇಳಿಸುವಂಥದ್ದು. ಅಮೆರಿಕದ ಜೋಸೆಫ್ ಜೋರ್ಡನ್ 1858ರಲ್ಲಿ ಲಾಳಿಕೆಯಾಕಾರದ ಗೂಡಿನೊಳಗೆ ಅದೇ ಆಕಾರದ ಉರುಳೆ ಕೂರಿಸಿ, ಒಂದು ತುದಿಯಿಂದ ಹೋದ ತಿರುಳು ರುಬ್ಬಿಸಿಕೊಂಡು ಇನ್ನೊಂದು ತುದಿಯಿಂದ ಬರುವ ಹಾಗೆ ಮಾಡಿದ. ಇಂದಿನ ದೊಡ್ಡ ಕಾರ್ಖಾನೆಗಳ ‘ರಿಫೈನರ್’ಗಳು ಅದೇ ದಾರಿಯವು. ಆದರೂ ಪ್ರಯೋಗಾಲಯಗಳಲ್ಲಿ ತಿರುಳು ಪರೀಕ್ಷಿಸುವ ‘ವ್ಯಾಲಿ ಬೀಟರ್’ ನೋಡಿದರೆ ಗುರುತು ಸಿಗುತ್ತದೆ. ಅದು ಬಕೆಟ್ಟಿನಷ್ಟು ನೀರು ಹಿಡಿಯುವ ಪುಟ್ಟ ಹಾಲೆಂಡರ್. ಝಾನ್ ಸೀಮೆಯ ವೆಸ್ಟ್‌ಝಾನಿನಲ್ಲಿ 1692ರಲ್ಲಿ ಕಟ್ಟಿದ ‘ಡೆ ಸ್ಕೂಲ್‌ಮೀಸ್ಟರ್’ ಗಿರಣಿಯೂ ಇನ್ನೂ ಗಾಳಿಯ ಬಲದಿಂದಲೇ ಕಾಗದ ಮಾಡುತ್ತಿದೆ.

ನಮ್ಮ ದೇಶದ ಕೈಕಾಗದ ಘಟಕಗಳಲ್ಲಿ ಇವತ್ತಿಗೂ ಇರುವುದು ಇದೇ ತೊಟ್ಟಿ, ತಿರುಗಿಸಲಿಕ್ಕೆ ಮೋಟಾರು. ಒಳಗೆ ಹಾಕುವುದು ಹೆಚ್ಚಾಗಿ ಬನಿಯನ್ ಹೊಲಿದು ಉಳಿದ ಹತ್ತಿ ಚೂರು. ಪಾಕ ಬಂತೋ ಇಲ್ಲವೋ ನೋಡಲಿಕ್ಕೆ ಒಂದು ಗಾಜಿನ ಲೋಟ ಸಾಕು. ಒಂದು ಚಿಟಿಕೆ ತಿರುಳನ್ನು ಲೋಟದ ನೀರಿಗೆ ಹಾಕಿ, ಕುಲುಕಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಗಂಟು ಕಂಡರೆ ಉರುಳೆ ಇನ್ನೊಂಚೂರು ಇಳಿಯುತ್ತದೆ, ತೊಟ್ಟಿ ಓಡುತ್ತಲೇ ಇರುತ್ತದೆ. ಎಲ್ಲ ಎಳೆಯೂ ಬಿಡಿಬಿಡಿಯಾಗಿ, ತೆಳುವಾದ ಮಂಜಿನ ಹಾಗೆ ನೀರಿನಲ್ಲಿ ತೇಲಿದರೆ ಮೋಟಾರು ನಿಲ್ಲಿಸಿ ತೂಬು ತೆಗೆಯುತ್ತಾರೆ.