‘ಒರಿಜಿನಲ್’ ಬ್ಯಾಡ್ಜ್ ಅಂದರೆ ಯಾವುದು? ನಕಲು ಬೇರೆ, ನಕಲಿ ಬೇರೆ

ಸಾಗರ ರಸ್ತೆಯ ಗ್ಯಾರೇಜೊಂದರಲ್ಲಿ ಕಳೆದ ವಾರ ಒಂದು ಜೀಪು ನಿಂತಿತ್ತು. ಹಿಂಬದಿಯ ತಗಡಿನ ಮೇಲೆ ‘ವಿಲ್ಲೀಸ್’ ಅಂತ ಉಬ್ಬು ಅಕ್ಷರ. ಓನರ್ ಅದರ ಮೇಲೆ ಕೈಯಾಡಿಸಿ ಹೇಳಿದರು: “ನಲವತ್ನಾಲ್ಕರ ಗಾಡಿ ಸಾರ್. ತಗಡು ಖಾಲಿ ಇತ್ತು. ಒರಿಜಿನಲ್ ಅಕ್ಷರ ಹೊಡೆಸಿದೀನಿ.”

ನಾನು ಸುಮ್ನೆ ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ತಡೆಯಲಾಗಲಿಲ್ಲ. ಮೊದಮೊದಲ ಜೀಪುಗಳ ಹಿಂಬದಿಗೆ ಕಂಪನಿ ಹೆಸರು ಅಚ್ಚೊತ್ತುತ್ತಿದ್ದದ್ದು ನಿಜ. ವಿಲ್ಲೀಸ್‌ನವರು ತಮ್ಮ ಹೆಸರು, ಫೋರ್ಡ್‌ನವರು ತಮ್ಮದು. ಅಮೆರಿಕದ ಸೇನೆ 1942ರಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಹಾಗಾಗಿ 1944ರ ಗಾಡಿಗೆ ಖಾಲಿ ತಗಡೇ ಒರಿಜಿನಲ್. ಈ ಪುಣ್ಯಾತ್ಮ ದುಡ್ಡು ಕೊಟ್ಟು ಅದನ್ನು ಅಳಿಸಿಕೊಂಡಿದ್ದಾರೆ! (ಫೋರ್ಡ್‌ನವರು ಹಟ ಬಿಡಲಿಲ್ಲ. ಬೋಲ್ಟಿನ ತಲೆಯ ಮೇಲೂ ಪುಟ್ಟ ‘ಎಫ್’ ಒತ್ತಿ ಕಳಿಸಿದರು. ಬಲ್ಲವರು ಇವತ್ತಿಗೂ ಅದನ್ನೇ ಹುಡುಕುತ್ತಾರೆ.)

ಬ್ಯಾಡ್ಜ್, ಎಂಬ್ಲಮ್, ಗ್ಯಾರೇಜಿನವರ ಬಾಯಲ್ಲಿ ಮೋನೋಗ್ರಾಮ್. ಏನಾದರೂ ಕರೆಯಿರಿ, ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ಇರುವುದು ಅದರ ಹಿಂದೆ ಅಂಟಿಸುವ ‘ಒರಿಜಿನಲ್’ ಎಂಬ ಪದದ ಬಗ್ಗೆ.

ಈ ಪದ ಇಂಗ್ಲಿಷಿನಿಂದ ನಮಗೆ ಬಂತು. ಇಂಗ್ಲಿಷಿಗೆ ಲ್ಯಾಟಿನ್‌ನಿಂದ, ನಡುವೆ ಫ್ರೆಂಚ್ ದಾಟಿಕೊಂಡು. ಲ್ಯಾಟಿನ್‌ನಲ್ಲಿ ‘ಓರಿರಿ’ ಎಂದರೆ ಏಳುವುದು, ಮೂಡುವುದು. ಸೂರ್ಯ ಮೂಡುವುದಕ್ಕೂ ಅದೇ ಮಾತು. ಪೂರ್ವ ದಿಕ್ಕಿಗೆ ಹೇಳುವ ‘ಓರಿಯಂಟ್’ ಕೂಡ ಅದೇ ಹೊಟ್ಟೆಯಲ್ಲಿ ಹುಟ್ಟಿದ್ದು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವೂ ‘ಮೂಡು’ವಿನಿಂದಲೇ ‘ಮೂಡಣ’ ಮಾಡಿಕೊಂಡವರು. ಒಟ್ಟಿನಲ್ಲಿ ಒರಿಜಿನಲ್ ಹುಟ್ಟಿಗೆ ಸೇರಿದ ಮಾತು. ಹೊಳೆಯುತ್ತದೋ ಇಲ್ಲವೋ, ಒಡೆದಿದೆಯೋ ನೆಟ್ಟಗಿದೆಯೋ, ಅದಕ್ಕೆ ಬೇಡ. ತುಂಗೆ ಹುಟ್ಟುವುದು ಗಂಗಾಮೂಲದಲ್ಲಿ. ತೀರ್ಥಹಳ್ಳಿಯಲ್ಲಿ ಎಷ್ಟೇ ಚಂದದ ಕಲ್ಲಿನ ಕುಂಡ ಕಟ್ಟಿಸಿದರೂ ಅದು ಮೂಲ ಆಗುವುದಿಲ್ಲ, ಅಲ್ವಾ?

ನಮ್ಮಲ್ಲಿ ಇದಕ್ಕೆ ಮೊದಲೇ ಒಂದು ಒಳ್ಳೆಯ ಪದ ಇತ್ತು: ಅಸಲು. ಅರಬ್ಬಿಯಿಂದ ಬಂದದ್ದು, ಅಲ್ಲಿ ಅದರ ಅರ್ಥ ಬೇರು, ಬುಡ. ಸಾಲ ಮಾಡಿದ ಎಲ್ಲರಿಗೂ ಗೊತ್ತು. ಬಡ್ಡಿ ಎಷ್ಟೇ ಬೆಳೆಯಲಿ, ಅಸಲು ಅಸಲೇ. ಇದರ ಜೋಡಿ ‘ನಕಲು’. ಅದೂ ಅರಬ್ಬಿಯದೇ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು, ನೋಡಿ ಬರೆದುಕೊಳ್ಳುವುದು ಅಂತ ಅರ್ಥ. ಅದರಲ್ಲಿ ಮೋಸದ ವಾಸನೆಯೇ ಇಲ್ಲ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಸೀಲು ಹಾಕಿಸಿಕೊಂಡು ತರುವುದು ನಕಲನ್ನೇ. ಕೋರ್ಟು ಕೂಡ ಅದನ್ನು ಒಪ್ಪುತ್ತದೆ. ‘ನಕಲಿ’ ಆಗುವುದು ಯಾವಾಗ? ನಕಲನ್ನು ಅಸಲು ಅಂತ ಹೇಳಿ ದಾಟಿಸಿದಾಗ. ಒಂದು ಗುಣಿಸಿನಷ್ಟೇ ವ್ಯತ್ಯಾಸ. ಆ ಗುಣಿಸಿನಲ್ಲಿ ಇಡೀ ಹಳೇ ಕಾರಿನ ವ್ಯಾಪಾರ ಕೂತಿದೆ.

ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯನ್ನು ಕಣ್ಣಳತೆಯಲ್ಲೇ ಬೇರೆ ಮಾಡುವ ಊರು ನಮ್ಮದು. ಬ್ಯಾಡ್ಜ್ ವಿಷಯಕ್ಕೆ ಬಂದರೆ ಮಾತ್ರ ಎಲ್ಲವೂ ಒಂದೇ ಚೀಲಕ್ಕೆ. ಗಾಡಿಯ ಜೊತೆಗೇ ಬಂದದ್ದು ಒರಿಜಿನಲ್. ಅದೇ ಕಂಪನಿ ಅದೇ ಕಾಲದಲ್ಲಿ ಮಾಡಿ, ಯಾವುದೋ ಅಂಗಡಿಯ ಅಟ್ಟದಲ್ಲಿ ಡಬ್ಬಿ ಬಿಚ್ಚದೆ ಉಳಿದದ್ದೂ ಒರಿಜಿನಲ್. ಹೋದ ತಿಂಗಳು ಎರಕ ಹೊಯ್ದದ್ದೂ ಒರಿಜಿನಲ್. ಎರಡನೆಯದಕ್ಕೆ ‘ಕಂಪನಿ ಮಾಲು’ ಅನ್ನಬಹುದಲ್ಲ? ಬೆಲೆ ಬಾಳುವ ವಸ್ತುವೇ ಅದು. ಆದರೆ ನಿಮ್ಮ ಗಾಡಿಯ ಅಸಲಲ್ಲ.

ಫಿಯಟ್‌ನವರದ್ದು ಇನ್ನೊಂದು ಕಥೆ. ಒಂದೇ ಮೈಕಟ್ಟಿನ ಗಾಡಿ ನಮ್ಮ ದೇಶದಲ್ಲಿ ಫಿಯಟ್ 1100 ಡಿಲೈಟ್, ಪ್ರೀಮಿಯರ್ ಪ್ರೆಸಿಡೆಂಟ್, ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬದಲಿಸುತ್ತಾ ಬಂತು. ಈಗ ಪದ್ಮಿನಿ ಇರುವವರು ಅದರ ಹೆಸರು ಕಿತ್ತು ಫಿಯಟ್ ಬ್ಯಾಡ್ಜ್ ಹಾಕಿಸುತ್ತಾರೆ. ಕೇಳಿದರೆ “ಒರಿಜಿನಲ್ ಲುಕ್” ಅನ್ನುತ್ತಾರೆ. ಅಯ್ಯಾ, ನಿನ್ನ ಗಾಡಿ ಹುಟ್ಟಿದ್ದೇ ಪದ್ಮಿನಿಯಾಗಿ. ಅದರ ಅಸಲನ್ನು ಗುಜರಿಗೆ ಹಾಕಿ ಅಜ್ಜನ ಹೆಸರು ಹಚ್ಚಿದರೆ ವಯಸ್ಸು ಜಾಸ್ತಿ ಆಗುತ್ತದಾ?

ಹಾಗಾದರೆ ರಿಪೇರಿ ಮಾಡಿಸಿದ್ದು? ಇಲ್ಲಿ ನಾನು ಸಡಿಲ. ಅಜ್ಜಿಯ ತಾಮ್ರದ ತಪ್ಪಲೆಗೆ ನಲವತ್ತು ಸಲ ಕಲಾಯಿ ಹಾಕಿಸಿದರೂ ಅದು ಅಜ್ಜಿಯ ತಪ್ಪಲೆಯೇ. ಬ್ಯಾಡ್ಜಿಗೆ ಹೊಸ ಲೇಪ ಹಾಕಿಸಿದರೂ ಹಾಗೇ. ಒಳಗಿನ ಲೋಹ ಅಸಲು, ಹೊಳಪು ಹೊಸದು. ಒಂದು ಎಚ್ಚರ ಮಾತ್ರ ಬೇಕು. ಕಾರುಗಳಿಗೆ ಕ್ರೋಮ್ ಲೇಪ ಬಂದದ್ದು 1920ರ ದಶಕದ ಕೊನೆಗೆ. ಅದಕ್ಕೂ ಮುಂಚೆ ನಿಕಲ್. ನಿಕಲ್‌ನ ಹೊಳಪು ಕೊಂಚ ಹಳದಿಗೆ ವಾಲುತ್ತದೆ, ಕ್ರೋಮ್‌ನದು ನೀಲಿಗೆ. 1924ರ ಗಾಡಿಯ ಮೂತಿಯಲ್ಲಿ ನೀಲಿ ಮಿಂಚು ಕಂಡರೆ ಯಾರೋ ಕೈಯಾಡಿಸಿದ್ದಾರೆ ಎಂದೇ ತಿಳಿಯಿರಿ.

ಬಣ್ಣದ ಗಾಜು ಕೂರಿಸಿದ ಬ್ಯಾಡ್ಜ್ ಬಂದರೆ ಈ ಕಲಾಯಿ ಲೆಕ್ಕ ನಡೆಯುವುದಿಲ್ಲ. ಅದನ್ನು ನಾನು ಕಲಿತದ್ದು ಪೆಟ್ಟು ತಿಂದು. ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಮಾರಿಸ್ ಮೈನರ್ ಇತ್ತು. ಅದರ ಬಾನೆಟ್ ಮೇಲೆ ಎತ್ತು, ಕೆಳಗೆ ಅಲೆಯ ಗೆರೆಗಳು. ಮನೆಯಲ್ಲಿ ಎಲ್ಲರೂ ಅದನ್ನು ಬಸವಣ್ಣ ಅನ್ನುತ್ತಿದ್ದೆವು. ಆಯುಧಪೂಜೆಗೆ ಕುಂಕುಮವೂ ಅದಕ್ಕೇ. ನಿಜದಲ್ಲಿ ಅದು ಹೊಳೆ ದಾಟುತ್ತಿರುವ ಎತ್ತು. ಮಾರಿಸ್ ಕಾರು ಹುಟ್ಟಿದ ಆಕ್ಸ್‌ಫರ್ಡ್ ಊರಿನ ಹೆಸರಿನ ಅರ್ಥವೇ ‘ಎತ್ತು ಹೊಳೆ ದಾಟುವ ಜಾಗ’. ಊರಿನ ಲಾಂಛನ ಗಾಡಿಗೆ ಬಂತು. ಆಮೇಲೆ ಅದೇ ಕಂಪನಿಯ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರು ನಮ್ಮ ಅಂಬಾಸಿಡರ್ ಆಯಿತು, ಎತ್ತು ಮಾತ್ರ ಹೊಳೆಯ ಆಚೆ ದಡದಲ್ಲೇ ಉಳಿಯಿತು.

ಇಂಥ ಬ್ಯಾಡ್ಜಿನಲ್ಲಿ ತಾಮ್ರದ ಗುಳಿಗಳಿಗೆ ಬಣ್ಣದ ಗಾಜಿನ ಪುಡಿ ತುಂಬಿ, ಸುಮಾರು 800 ಡಿಗ್ರಿ ಕಾವಿನಲ್ಲಿ ಕರಗಿಸಿ ಕೂರಿಸುತ್ತಾರೆ. ನಮ್ಮ ಮೀನಾಕಾರಿ ಕೆಲಸದ ಹಾಗೇ. ಚಿಕ್ಕಪ್ಪನ ಗಾಡಿ ಹದಿನೈದು ಮಳೆಗಾಲ ಸೌದೆ ಕೊಟ್ಟಿಗೆಯಲ್ಲಿ ನಿಂತಿತ್ತು. ಲೋಹಕ್ಕೆ ಕಿಲುಬು ಹಿಡಿದಿತ್ತು. ಗಾಜು ಮಾತ್ರ ಹಾಗೇ ಇತ್ತು, ಒಂದು ಮೂಲೆ ಸೀಳಿದ್ದು ಬಿಟ್ಟರೆ. ಹುಣಸೆಹಣ್ಣು ಹಚ್ಚಿ ಉಜ್ಜಿ ಎಂದರು ಚಿಕ್ಕಮ್ಮ. ಅಷ್ಟೇ ಮಾಡಿದ್ದರೆ ಸಾಕಿತ್ತು. ನಾನು ಜಾಣತನ ತೋರಿಸಲು ಪಾಲಿಶ್ ಅಂಗಡಿಗೆ ಕೊಟ್ಟೆ. ಅವರು ಬಫಿಂಗ್ ಚಕ್ರಕ್ಕೆ ಹಿಡಿದರು. ಬಿಸಿಗೆ ಗಾಜು ಚಟಪಟ ಅಂತ ಎದ್ದು ಬಂತು. ಎತ್ತಿನ ಕಾಲುಗಳು ಹೋದವು. ಅಂಗಡಿಯವರು ಧೈರ್ಯ ಹೇಳಿದರು: “ಯೋಚನೆ ಮಾಡಬೇಡಿ ಸಾರ್, ಒರಿಜಿನಲ್ ಪೇಂಟ್ ತುಂಬಿ ಕೊಡ್ತೀನಿ.”

ಕೊನೆಗೆ ನಕಲೇ ಮಾಡಿಸಿದೆ. ಹಳೆಯದರಿಂದಲೇ ಅಚ್ಚು ತೆಗೆದು ಹಿತ್ತಾಳೆ ಹೊಯ್ದರೆ ಆಗುವುದಿಲ್ಲ. ಹಿತ್ತಾಳೆ ಆರುವಾಗ ನೂರಕ್ಕೆ ಸುಮಾರು ಒಂದೂವರೆ ಪಾಲು ಕುಗ್ಗುತ್ತದೆ. ಆರು ಸೆಂಟಿಮೀಟರ್ ಬ್ಯಾಡ್ಜ್ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಚಿಕ್ಕದಾಗುತ್ತದೆ. ಹಿಂದಿನ ಮೊಳೆಗಳು ಬಾನೆಟ್ಟಿನ ತೂತಿಗೆ ಕೂರುವುದಿಲ್ಲ. ಮಾರುವವರು ಒರಿಜಿನಲ್ ಅಂದರೆ ನೀವು ಸ್ಕೇಲ್ ಹಿಡಿದು ನೋಡಬೇಕಾದದ್ದೂ ಇದನ್ನೇ. ಹಾಗಾಗಿ ಸಾಗರದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರೊಬ್ಬರಿಂದ ಕೂದಲೆಳೆಯಷ್ಟು ದೊಡ್ಡದಾಗಿ ಮರದ ಮಾದರಿ ಕೆತ್ತಿಸಿ, ಅದರಿಂದ ಎರಕ ಹೊಯ್ಯಿಸಿದೆ. ಅವರು ಕೆತ್ತಿದ ಎತ್ತಿಗೆ ನಮ್ಮ ಹಳ್ಳಿಕಾರ್ ಎತ್ತಿನ ಕೊಂಬು ಬಂದಿದೆ. ತಿದ್ದಿಸಲಿಲ್ಲ.

ಈಗ ಗಾಡಿಯ ಮೇಲಿರುವುದು ಅದು. ಬ್ಯಾಡ್ಜಿನ ಹಿಂಬದಿಯಲ್ಲಿ ‘ನಕಲು’ ಅಂತ ಕೊರೆಸಿದ್ದೇನೆ, ಇಸವಿ ಸಮೇತ. ಕಾಲಿಲ್ಲದ ಅಸಲು ಚಿಕ್ಕಮ್ಮನ ಸ್ಟೀಲ್ ಡಬ್ಬಿಯಲ್ಲಿದೆ. ಆಯುಧಪೂಜೆಯ ದಿನ ಅವರು ಡಬ್ಬಿ ತೆಗೆದು ಅದಕ್ಕೇ ಕುಂಕುಮ ಹಚ್ಚುತ್ತಾರೆ.