ಜಾಕೆಟ್ ಬಿಸಿ ಕೊಡುವುದಿಲ್ಲ, ಕಾಕಾ

ದೀಪಾವಳಿ ಮುಗಿಯಿತು ಅಂದರೆ ನನ್ನ ಫೋನಿಗೆ ಜಾಕೆಟ್ ಫೋಟೋಗಳು ಬರಲು ಶುರು. ಪುಣೆಯ ಕೋಥ್ರೂಡಿನಿಂದ, ಹಿಂಜವಡಿಯಿಂದ, ಪಿಂಪ್ರಿಯಿಂದ. 'ಸರ್, ಇದು ಮೈನಸ್ ಹತ್ತಕ್ಕೆ ನಡೆಯುತ್ತಾ?' ಎಲ್ಲರೂ ಡಿಸೆಂಬರಿನಲ್ಲಿ ನಮ್ಮ ಜೊತೆ ಉತ್ತರಾಖಂಡದ ಹಿಮಶಿಖರ ಕೇದಾರಕಂಠ ಹತ್ತಲು ಹೆಸರು ಕೊಟ್ಟವರು. ಜಾಕೆಟ್ ಚೆನ್ನಾಗಿಯೇ ಇರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಒಳಗೆ ಏನು ಹಾಕುತ್ತೀರಿ?

'ಒಳಗೆ ಏನು, ಬನಿಯನ್ ಇರುತ್ತಲ್ಲ ಸರ್.'

ಈ ಬನಿಯನ್ ಜೊತೆ ನನ್ನ ಜಗಳ ಹಳೆಯದು. ಜಾಕೆಟ್ ತಾನಾಗಿ ಬಿಸಿ ಕೊಡುವುದಿಲ್ಲ. ಅದೇನು ಒಲೆ ಅಲ್ಲ. ಬಿಸಿ ಹುಟ್ಟುವುದು ನಿಮ್ಮ ಮೈಯಲ್ಲಿ, ಜಾಕೆಟ್ ಅದನ್ನು ಹಿಡಿದಿಡುತ್ತದೆ ಅಷ್ಟೇ. ಏರು ಹತ್ತುವಾಗ ಹಿಮದಲ್ಲೂ ಬೆವರು ಬರುತ್ತದೆ. ಹತ್ತಿ ಬಟ್ಟೆ ಆ ಬೆವರನ್ನೆಲ್ಲ ಕುಡಿದು, ಒಣಗದೆ, ಮೈಗೆ ಅಂಟಿಕೊಂಡು ಕೂರುತ್ತದೆ. ನಡೆಯುವಷ್ಟು ಹೊತ್ತು ಗೊತ್ತಾಗುವುದಿಲ್ಲ. ನಿಂತಿರೋ, ಶುರುವಾಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಕೊಡಕ್ಕೆ ಒದ್ದೆ ಬಟ್ಟೆ ಯಾಕೆ ಸುತ್ತುತ್ತೇವೆ? ನೀರು ತಣ್ಣಗಾಗಲಿ ಅಂತ ತಾನೆ? ಒದ್ದೆ ಬನಿಯನ್ ಹಾಕಿಕೊಂಡು ನೀವೇ ಆ ಕೊಡ ಆಗಿರುತ್ತೀರಿ.

ನಮ್ಮ ಅಜ್ಜಿ ಧಾರವಾಡದಲ್ಲಿ ಚಳಿಗಾಲದ ಬೆಳಗ್ಗೆ ಒದ್ದೆ ಮಡಿಯಲ್ಲೇ ಅಡುಗೆ ಮನೆಗೆ ಹೋಗುತ್ತಿದ್ದಳು. ಒಲೆ ಹೊತ್ತಿಸುವಷ್ಟರಲ್ಲಿ ಹಲ್ಲು ಕಟಕಟ. ಧಾರವಾಡದ ಚಳಿ ಎಷ್ಟು ಮಹಾ? ನಡುಗಿಸುತ್ತಿದ್ದದ್ದು ಸೀರೆ.

ಮೂರು ವರ್ಷದ ಹಿಂದೆ ಗುಂಪಿನಲ್ಲಿ ಒಬ್ಬ ಕಾಕಾ ಇದ್ದರು. ನಿವೃತ್ತರು, ನಮ್ಮ ಧಾರವಾಡ ಕಡೆಯವರೇ, ನಲವತ್ತು ವರ್ಷದಿಂದ ಪುಣೆಯಲ್ಲಿ. ಪರ್ವತಿ ಗುಡ್ಡ ದಿನಾ ಹತ್ತುವ ಕಾಲು. ಅಳಿಯ ಕೊಡಿಸಿದ ದುಬಾರಿ ಡೌನ್ ಜಾಕೆಟ್ ಬೇರೆ, ಅಂದರೆ ಒಳಗೆ ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ್ದು. ಶಿಖರಕ್ಕೆ ಬೆಳಗಿನ ಜಾವ ಮೂರಕ್ಕೆ ಹೊರಟೆವು. 'ಕಾಕಾ, ಜಾಕೆಟ್ ತೆಗೆದು ಬ್ಯಾಗಿಗೆ ಹಾಕ್ರಿ' ಅಂದೆ. 'ಏ, ಥಂಡಿ ಆಗತದ ತಮ್ಮಾ' ಅಂದರು. ಮತ್ತೆ ಎರಡು ಸಲ ಹೇಳಿದೆ, ಬಿಟ್ಟೆ. ಬಿಡಬಾರದಿತ್ತು. ಒಂದು ಗಂಟೆಯ ನಂತರ ಚಹಾ ಕುಡಿಯಲು ನಿಂತಾಗ ಲೋಟ ಹಿಡಿದ ಅವರ ಕೈ ನಡುಗಿ ಚಹಾ ಎಲ್ಲ ಗ್ಲೌಸ್ ಮೇಲೆ. ಜಿಪ್ ಎಳೆದು ಬೆನ್ನಿಗೆ ಕೈ ಹಾಕಿದರೆ ಬನಿಯನ್ ಹಿಂಡುವಷ್ಟು ಒದ್ದೆ. ಡೌನ್ ಕೂಡ ಒಳಗಿನಿಂದ ತೇವ ಕುಡಿದು ಚಪ್ಪಟೆ ಆಗಿತ್ತು. ಒದ್ದೆಯಾದ ಡೌನ್ ಉಬ್ಬುವುದಿಲ್ಲ, ಉಬ್ಬದ ಡೌನ್ ಬಿಸಿ ಹಿಡಿಯುವುದಿಲ್ಲ. ತಟ್ಟಿಯ ಮರೆಗೆ ಕರೆದುಕೊಂಡು ಹೋಗಿ, ಬನಿಯನ್ ಬಿಚ್ಚಿಸಿ, ನನ್ನ ಒಣ ಟೀ ಶರ್ಟು, ಫ್ಲೀಸು (ಉಣ್ಣೆಯಂತೆ ಮೆತ್ತಗಿನ ಪಾಲಿಯೆಸ್ಟರ್ ಅಂಗಿ) ಹಾಕಿದೆ. ಹತ್ತು ನಿಮಿಷಕ್ಕೆ ಮಾತು ಶುರುವಾಯಿತು. ಶಿಖರ ಅವರಿಗೆ ಅಲ್ಲಿಗೇ ಮುಗಿಯಿತು. ಕೆಳಗೆ ಕಳಿಸಿದೆ, ಸಿಟ್ಟಾದರು.

ನಾನು ಡಾಕ್ಟರ್ ಅಲ್ಲ. ಆದರೆ ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದು ನಿಂತು, ಮಾತು ತೊದಲಿದರೆ ಅದು ಸುಧಾರಣೆ ಅಲ್ಲ, ಅಪಾಯ. ಅಲ್ಲಿ ಬಟ್ಟೆಯ ಚರ್ಚೆ ಮುಗಿಯಿತು, ತಕ್ಷಣ ಸಹಾಯ ಬೇಕು.

ಹಾಗಾದರೆ ಏನು ಹಾಕಬೇಕು? ಮೈಗೆ ತಾಗುವುದು ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆ. ಅದರ ಮೇಲೆ ಫ್ಲೀಸ್. ಗಾಳಿ, ಹಿಮ ಇದ್ದರೆ ಮೇಲೊಂದು ತೆಳು ಪದರ. ಆ ದಪ್ಪ ಜಾಕೆಟ್ ನಿಂತಾಗ ಹಾಕಿಕೊಳ್ಳುವುದು, ನಡೆಯುವಾಗ ಸಾಮಾನ್ಯವಾಗಿ ಬ್ಯಾಗಿನಲ್ಲಿ. ಗಾಳಿ ತೀರಾ ಜೋರಿದ್ದರೆ ಲೆಕ್ಕ ಬೇರೆ, ಆಗ ಲೀಡರ್ ಹೇಳಿದ್ದು ಕೇಳಿ. ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು. ಬೆಚ್ಚಗೆ ಹೊರಟವರೇ ಬೆವರುವುದು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಇನ್ನೊಂದು ಮೋಸ 'ಥರ್ಮಲ್' ಅನ್ನುವ ಹೆಸರು. ಪೇಟೆಯಲ್ಲಿ ಸಿಗುವ ಎಷ್ಟೋ ಥರ್ಮಲ್‌ಗಳಲ್ಲಿ ಹತ್ತಿಯೇ ಜಾಸ್ತಿ. ಪುಣೆಯ ಚಳಿಯಲ್ಲಿ ಮನೆಯಲ್ಲಿ ಕೂರಲು ಚೆನ್ನ. ಕೇದಾರಕಂಠದ 12,500 ಅಡಿಗೆ ಅಲ್ಲ. ಕಾಲರ್ ಹತ್ತಿರದ ಚಿಕ್ಕ ಲೇಬಲ್ ತಿರುಗಿಸಿ ಓದಿ. ಕನ್ನಡಕ ಬೇಕಾದರೂ ಹಾಕಿಕೊಳ್ಳಿ. ನಮ್ಮ ಕಡೆ ಕುರುಬರು, ಇಲ್ಲಿ ಧನಗರರು ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಕಾಯುವುದನ್ನು ನೋಡಿದ್ದೀರಲ್ಲ? ಉಣ್ಣೆ ತೇವವಾದರೂ ಸುಮಾರು ಬಿಸಿ ಹಿಡಿಯುತ್ತದೆ. ಹತ್ತಿಗೆ ಆ ಗುಣ ಇಲ್ಲ.

ಜೀನ್ಸ್ ಬಗ್ಗೆ ಬರೆಯುವುದಿಲ್ಲ, ದಯವಿಟ್ಟು ತರಬೇಡಿ. ಶೂ ಒಳಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತ ಓಡಾಡದೆ ಬೆರಳು ಇನ್ನೂ ತಣ್ಣಗಾಗುತ್ತದೆ. ಒಂದು ಒಳ್ಳೆಯ ಜೊತೆ ಸಾಕು. ರಾತ್ರಿ ಮಲಗುವುದಕ್ಕೆ ಅಂತಲೇ ಒಂದು ಒಣ ಜೊತೆ ಬೇರೆ ಇಡಿ.

ಅನುಮಾನ ಇದ್ದರೆ ಹೊರಡುವ ಮುಂಚೆ ಒಂದು ಭಾನುವಾರ ನಸುಕಿನಲ್ಲಿ ಅತಕರವಾಡಿಯಿಂದ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತಿ. ಒಳಗೆ ಬನಿಯನ್ ಇರಲಿ. ಮೇಲೆ ಗಾಳಿಗೆ ಮುಖ ಮಾಡಿ ಐದು ನಿಮಿಷ ನಿಂತು ನೋಡಿ. ಪಿಠ್ಲಾ ಭಾಕ್ರಿ ತಿನ್ನುವುದು ಆಮೇಲೆ.

ಆ ಕಾಕಾ ಈ ವರ್ಷ ಹಿಮಾಲಯದ ಇನ್ನೊಂದು ಚಾರಣ, ಬ್ರಹ್ಮತಾಲ್‌ಗೆ ಹೆಸರು ಕೊಟ್ಟಿದ್ದಾರೆ. ಉಣ್ಣೆಯ ಇನ್ನರ್ ತರಿಸಿಕೊಂಡರಂತೆ, ಖುಷಿಯಾಯಿತು. ಮೊನ್ನೆ ಫೋನ್ ಮಾಡಿ ಕೇಳಿದರು: 'ಒಂಚೂರು ಚುಚ್ಚತದ ತಮ್ಮಾ. ಅದರ ಒಳಗ ತೆಳ್ಳಗಿನ್ದು ಒಂದು ಬನಿಯನ್ ಹಾಕ್ಕೊಂಡ್ರ ನಡೀತದೇನು?'