ಚೆಂಡು ಎತ್ತೋದು ಮಣಿಕಟ್ಟಿನ ಕೆಲಸ ಅಲ್ಲ

ಕೊಡಗಿನಲ್ಲಿ ಗಾಲ್ಫ್ ಕಲಿಸುವವರಿಗೆ ಒಂದು ವಿಚಿತ್ರ ತಲೆನೋವಿದೆ. ಮಡಿಕೇರಿಯಾಗಲಿ, ಬಿಟ್ಟಂಗಾಲವಾಗಲಿ, ಪಾಲಿಬೆಟ್ಟವಾಗಲಿ, ಕಲಿಯಲು ಬರುವವರಲ್ಲಿ ಹಾಕಿ ಆಡಿ ಬೆಳೆದವರೇ ಜಾಸ್ತಿ. ಮಣಿಕಟ್ಟಿನಲ್ಲಿ ಬೇಕಾದಷ್ಟು ಕಸುವಿದೆ. ಕಾಟ ಕೊಡುವುದೂ ಅದೇ.

ಹಾಕಿಯಲ್ಲಿ ಸ್ಕೂಪ್ ಮಾಡುವಾಗ ಮೇಲಿನ ಎಡಗೈ ಹಿಂದಕ್ಕೆ ಎಳೆಯುತ್ತದೆ, ಕೆಳಗಿನ ಬಲಗೈ ಮುಂದಕ್ಕೆ ತಳ್ಳುತ್ತದೆ. ಸ್ಟಿಕ್ ಹಾರೆಯ ಹಾಗೆ ಮೀಟಿ ಚೆಂಡನ್ನು ಎಬ್ಬಿಸುತ್ತದೆ. ಗಾಲ್ಫ್‌ನಲ್ಲೂ ಹಾಗೇ ಮಾಡಿದರೆ ಕ್ಲಬ್‌ಹೆಡ್, ಅಂದರೆ ಗಾಲ್ಫ್ ಕೋಲಿನ ತಲೆ, ಕೈಗಳನ್ನು ದಾಟಿ ಮುಂದೆ ಓಡುತ್ತದೆ, ಎಡ ಮಣಿಕಟ್ಟು ಹಿಂಗೈ ಕಡೆಗೆ ಮಡಚುತ್ತದೆ. ಒಂದು ಸಲ ಚೆಂಡಿನ ಹಿಂದಿನ ಮಣ್ಣಿಗೆ ಏಟು, ಇನ್ನೊಂದು ಸಲ ಚೆಂಡಿನ ನೆತ್ತಿಗೆ. ಸರಿಯಾಗಿ ತಾಗಿದರೂ ಚೆಂಡು ಸುಮ್ನೆ ಮೇಲೇರಿ ಹತ್ತಿರದಲ್ಲೇ ಬೀಳುತ್ತದೆ. 7 ಐರನ್ ಅನ್ನುವ ಕ್ಲಬ್ಬಿನ ಮುಖಕ್ಕೆ ಸುಮಾರು 30 ಡಿಗ್ರಿ ಓರೆ ಇರುವುದೇ ಚೆಂಡನ್ನು ಎತ್ತುವುದಕ್ಕೆ. ನೀವೂ ಎತ್ತಬೇಕಾಗಿಲ್ಲ.

ಕೊಡವರ ಮದುವೆಯಲ್ಲಿ ಬಾಳೆ ದಿಂಡು ಕಡಿಯುವುದನ್ನು ನೋಡಿದ್ದೀರಿ ಅಲ್ವಾ? ಅಗಲ ಅಲಗಿನ ಒಡಿಕತ್ತಿ ಎತ್ತಿದಾಗ ಮಣಿಕಟ್ಟು ಮಡಚಿರುತ್ತದೆ. ಇಳಿಸುವಾಗ ಮೊದಲು ಸೊಂಟ ತಿರುಗುತ್ತದೆ, ಆಮೇಲೆ ಭುಜ, ತೋಳು. ಕತ್ತಿಯ ಅಲಗು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಅವಸರಕ್ಕೆ ಮಣಿಕಟ್ಟು ಮೊದಲೇ ಬಿಚ್ಚಿದವರ ಕತ್ತಿ ದಿಂಡಿನ ನಡುವೆ ಸಿಕ್ಕಿಕೊಳ್ಳುತ್ತದೆ, ಸುತ್ತ ನಿಂತವರು ನಗುತ್ತಾರೆ. ನಾನು ಲ್ಯಾಗ್, ಅಂದರೆ ಕ್ಲಬ್‌ಹೆಡ್ ಕೈಗಳ ಹಿಂದೆ ಕೊನೆಗೆ ಬರಬೇಕು, ಅಂತ ಎಷ್ಟು ಸಲ ಹೇಳಿದರೂ ತಲೆಗೆ ಹತ್ತದಿದ್ದ ಒಬ್ಬ ತೋಟದ ಮಾಲೀಕರಿಗೆ ಇದನ್ನು ಹೇಳಿದೆ. "ಅಷ್ಟೇನಾ ಸರ್?" ಅಂದರು. ಮುಂದಿನ ಹೊಡೆತದ ಸದ್ದೇ ಬೇರೆ ಇತ್ತು.

ಕ್ಲಬ್ಬನ್ನು ಅಂಗೈಯಲ್ಲಲ್ಲ, ಬೆರಳುಗಳಲ್ಲಿ ಹಿಡಿಯಿರಿ. ಅಂಗೈಯಲ್ಲಿ ಅಮುಕಿ ಹಿಡಿದರೆ ಮಣಿಕಟ್ಟು ಮಡಚುವುದೇ ಇಲ್ಲ. ಕ್ಲಬ್ ಹಿಂದಕ್ಕೆ ಎತ್ತುವ ಬ್ಯಾಕ್‌ಸ್ವಿಂಗ್‌ನಲ್ಲಿ ಎಡತೋಳು ನೆಲಕ್ಕೆ ಸಮನಾದಾಗ ತೋಳು ಮತ್ತು ಶಾಫ್ಟ್ (ಕ್ಲಬ್ಬಿನ ಕೋಲು) ಬಡಗಿಯ ಮೂಲೆಮಟ್ಟದ ಹಾಗೆ ಕಾಣಬೇಕು. ಮೇಲೆ ಹೋದಾಗ ಎಡ ಹಿಂಗೈ ಹೆಚ್ಚುಕಡಿಮೆ ಚಪ್ಪಟೆಯಾಗಿರಲಿ. ಅಲ್ಲಿ ಗುಳಿ ಬಿದ್ದರೆ ಕ್ಲಬ್‌ನ ಮುಖ ತೆರೆದುಕೊಳ್ಳುತ್ತದೆ, ಚೆಂಡು ಬಲಕ್ಕೆ ಕಾಫಿ ಗಿಡಗಳ ಸಂದಿಗೆ ಹೋಗುತ್ತದೆ. ಎಡಗೈಯವರು ಇದನ್ನೆಲ್ಲ ತಿರುಗಿಸಿ ಓದಿಕೊಳ್ಳಿ.

ಕೊನೇ ಗಳಿಗೆಯಲ್ಲಿ ಕೈಯಿಂದ ಸರಿ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. ಕ್ಲಬ್ ಚೆಂಡಿಗೆ ತಾಗಿರುವ ಹೊತ್ತು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ. ಅಷ್ಟರಲ್ಲಿ ಏನು ಮಾಡುತ್ತೀರಿ? ಐರನ್ ಹೊಡೆತದಲ್ಲಿ ಕೈಗಳು ಚೆಂಡಿಗಿಂತ ತುಸು ಮುಂದೆ ಇರಬೇಕು, ಹುಲ್ಲು ಕಿತ್ತ ಗುರುತು ಚೆಂಡು ಇದ್ದ ಜಾಗದಿಂದ ಮುಂದಕ್ಕೆ ಬೀಳಬೇಕು. ಟೀ ಅನ್ನುವ ಪುಟ್ಟ ಗೂಟದ ಮೇಲೆ ಚೆಂಡಿಟ್ಟು ದೂರ ಹೊಡೆಯುವ ಡ್ರೈವರ್ ಕ್ಲಬ್ಬಿಗೆ ಈ ಲೆಕ್ಕ ಬೇಡ, ಅಲ್ಲಿ ಕೈ ಮುಂದೆ ತಳ್ಳಲು ಹೋಗಬೇಡಿ.

ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಗ್ರಿಪ್ ಒದ್ದೆಯಾಗಿ ಎಲ್ಲರೂ ಬಿಗಿ ಹಿಡಿಯುತ್ತಾರೆ. ಆಗ ಕೋರ್ಸ್ ಬಿಟ್ಟು ಜಗಲಿಯಲ್ಲಿ ಅಭ್ಯಾಸ ಮಾಡುವುದೇ ಮೇಲು. ಡ್ರೈವರನ್ನು ತಲೆಕೆಳಗಾಗಿ, ಹೆಡ್ಡಿನ ಹತ್ತಿರ ಹಿಡಿದು ಬೀಸಿ. ಸುಯ್ ಅನ್ನುವ ಸದ್ದು ಬಲಗಾಲಿನ ಹತ್ತಿರ ಕೇಳಿದರೆ ಮಣಿಕಟ್ಟು ಬೇಗ ಬಿಚ್ಚಿತು ಅಂತ ಅರ್ಥ. ಎಡಗಾಲಿನ ಹತ್ತಿರ ಕೇಳುವವರೆಗೂ ಬೀಸುತ್ತಿರಿ. ಸ್ವಲ್ಪ ಮೇಲೆ ನೋಡಿಕೊಂಡು. ನಮ್ಮ ಮನೆಯ ಜಗಲಿಯಲ್ಲಿ ಈಗಾಗಲೇ ಎರಡು ಬಲ್ಬ್ ಹೋಗಿವೆ.